ಬಿಟ್ಟ ಚುಕ್ಕಿ

ಊರವರ ಮುಖಕ್ಕೆಲ್ಲ ಮಸಿ ಬಳಿದೂ ಮರ್ಯಾದಸ್ಥ ಎನಿಸಿಕೊಂಡವನು ದಾವಣಗೆರೆಯಲ್ಲಿ ಸಿಕಂದರ್ ಒಬ್ಬನೇ. ತೊಂಬತ್ತೆಂಟರ ಹೊತ್ತಿಗೆ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂದು, ಕಪ್ಪು-ಬಿಳುಪು ಫೋಟೋಗಳು ಇಂಕ್‌ಜೆಟ್ ಪ್ರಿಂಟರಿನಿಂದ ಹೊರಬೀಳತೊಡಗಿದರೂ ಫೋಟೋ ತಿದ್ದುವ ಅವನ ಕೆಲಸ ಹೋಗಲಿಲ್ಲ. ಹಳೇ ಫೋಟೋದ ಧೂಳೆಲ್ಲ ಪ್ರಿಂಟಿನಲ್ಲಿ ಬಿಳಿ ಚುಕ್ಕಿಯಾಗಿ ಏಳುತ್ತಿತ್ತು. ಕೂದಲೆಳೆಯಂಥ ಕುಂಚಕ್ಕೆ ತೆಳು ಮಸಿ ಹಿಡಿಸಿ ಅವನು ಒಂದೊಂದನ್ನೇ ಮುಚ್ಚುತ್ತಿದ್ದ.

ಉಸ್ತಾದ್ ಅಲ್ಲಾಬಕ್ಷ್ ಕಲಿಸಿದ ಒಂದು ಕಟ್ಟಳೆಯನ್ನು ಮಾತ್ರ ಮೀರಿದವನಲ್ಲ: ಬದುಕಿರುವವರ ಮುಖದಲ್ಲಿ ಒಂದು ಚುಕ್ಕಿ ಬಿಡಬೇಕು. ಪೂರ್ತಿ ಮುಚ್ಚುವುದು ಹಾರ ಹಾಕುವ ಫೋಟೋಕ್ಕೆ.

ಹರಿಹರದ ಕಸ್ತೂರಮ್ಮ ಗಂಡ ಹಾಲೇಶಪ್ಪನ ಫೋಟೋ ತಂದಾಗ ಜೊತೆಗೆ ಭಾವ ಸೂರಪ್ಪನೂ ಇದ್ದ. ಉಕ್ಕಡಗಾತ್ರಿಯಲ್ಲಿ ಸ್ನಾನಕ್ಕೆಂದು ಹೊಳೆಗಿಳಿದ ಹಾಲೇಶಪ್ಪ ದಡ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

"ಹಾರ ಹಾಕೋ ಫೋಟೋ ಸಾಬ್ರೆ, ಚೊಕ್ಕ ಮಾಡ್ರಿ" ಅಂದ ಸೂರಪ್ಪ.

"ಒಂದು ಚುಕ್ಕಿ ಇರ್ಲಿ ಸಿಕಂದರಣ್ಣ. ನಮ್ಮ ಲಗ್ನದ ಫೋಟೋಕ್ಕೂ ನೀವೇ ಬಿಟ್ಟಿದ್ರಲ್ಲ" ಅಂದಳು ಕಸ್ತೂರಮ್ಮ.

"ಹೊಳಿಗಿಳಿದೋನು ಈಜ್ಕಂಡು ದುಬೈಗೆ ಹೋದ್ನೇನವ್ವಾ?" ಭಾವ ಗದರಿದ.

ಸಿಕಂದರ್ ತಲೆಯಾಡಿಸಿದ್ದು ಸೂರಪ್ಪನಿಗೆ. ಅವನ ಕುಂಚ ಕೇಳಿದ್ದು ಕಸ್ತೂರಮ್ಮನ ಮಾತು. ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಬಿಳಿ ಉಳಿಯಿತು. ಫೋಟೋ ಗೋಡೆಗೇರಿತು, ಚುಕ್ಕಿ ಇರುವತನಕ ಹಾರ ಬ್ಯಾಡ ಎಂದು ಅವಳು ಹಟ ಹಿಡಿದಳು.

ಬೇಸಿಗೆಯ ಒಂದು ಮಧ್ಯಾಹ್ನ ಕಸ್ತೂರಮ್ಮ ಒಬ್ಬಳೇ ಬಂದಳು, ಸೆರಗಿನಡಿ ಅದೇ ಫೋಟೋ.

"ಚುಕ್ಕಿ ಇಲ್ಲಣ್ಣಾ. ಗಾಜು ಒರೆಸಾಕೆ ಹೋದಾಗ ನೋಡ್ದೆ. ಯಾರೂ ಕಟ್ಟು ಬಿಚ್ಚಿಲ್ಲ."

ಹಿಂದಿನ ಮೊಳೆಗಳು ತುಕ್ಕು ಹಿಡಿದು ಕೂತಿದ್ದವು. ಕಟ್ಟು ಬಿಚ್ಚಿ ಭೂತಗನ್ನಡಿ ಹಿಡಿದ. ಎಂಥ ಕೈಯೇ ತಿದ್ದಿರಲಿ, ಕುಂಚ ಊರಿದ ಗುರುತು ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇಲ್ಲಿ ಮಾತ್ರ, ಹುಟ್ಟಿದಾಗಿನಿಂದ ಹಾಗೇ ಇದ್ದಂಥ ಕೆನ್ನೆ. ಹೊಳೆದಂಡೆಯ ಮನೆ, ತೇವಕ್ಕೆ ಇಂಕು ಹರಡಿರಬೇಕು ಅಂದುಕೊಂಡ. ಹರಡಿದ್ದರೆ ರೆಪ್ಪೆಯ ಕೂದಲು ಹೀಗೆ ಎಣಿಸುವ ಹಾಗೆ ಇರುತ್ತಿತ್ತೇ?

"ಭಾವಾರಿಗೆ ಹೇಳಿಲ್ಲ. ಗೊತ್ತಾದ್ರೆ ಇವತ್ತೇ ಬಳೆ ಒಡಿಸ್ತಾರೆ. ಸರಿಯಾಗಿ ನೋಡಿ ಹೇಳ್ರಿ, ಐತೋ ಇಲ್ಲೋ?"

ಜೀವಮಾನವೆಲ್ಲ ಚುಕ್ಕಿ ಮುಚ್ಚಿದವನು, ಇಟ್ಟವನಲ್ಲ. ಬೆಳಕಿಗೆ ಹಿಡಿಯುವ ನೆಪದಲ್ಲಿ ಅವಳಿಗೆ ಬೆನ್ನು ಮಾಡಿ, ಬ್ಲೇಡಿನ ಮೂಲೆಯಿಂದ ಎಡಗಣ್ಣಿನ ಕೆಳಗೆ ಹಗುರಾಗಿ ಕೆರೆದ. ಮಸಿ ಎದ್ದು ಕಾಗದದ ಬಿಳಿ ಇಣುಕಿತು.

"ಐತೆ ಬಿಡಕ್ಕಾ. ಗಾಜಿನ ಧೂಳಿಗೆ ಕಂಡಿಲ್ಲ, ಅಷ್ಟೇ."

ಬಗ್ಗಿ ನೋಡಿದಳು. ನಕ್ಕಳು. ಬಳೆ ಸದ್ದು ಮಾಡಿಕೊಂಡು ಹರಿಹರದ ಬಸ್ಸಿಗೆ ಹೋದಳು.

ಕೆರೆದಾಗ ಮೇಜಿನ ಮೇಲೆ ಬಿದ್ದ ಮಸಿಯ ಹುಡಿಯನ್ನು ಸಿಕಂದರ್ ಊದಿದ. ಹಾರಲಿಲ್ಲ. ಬೆರಳಿಂದ ಒರೆಸಿದರೆ ಒದ್ದೆಯಾಗಿ ಅಂಟಿತು. ಮೂಗಿಗೆ ಹಿಡಿದ: ಹೊಳೆಯ ಕೆಸರಿನ ವಾಸನೆ.