ಉಣುಗು ಸರಸಕ್ಕ ಕೇಳಿದ ಪ್ರಶ್ನೆ

ಸಿದ್ದಾಪುರದ ಆಶಾ ಕಾರ್ಯಕರ್ತೆ ಸರಸಳನ್ನು ಊರವರು ಬೆನ್ನ ಹಿಂದೆ 'ಉಣುಗು ಸರಸಕ್ಕ' ಅನ್ನುತ್ತಿದ್ದರು. ಅನ್ನದೆ ಇನ್ನೇನು! ಕಾಡಂಚಿನ ಮನೆಗೆ ಹೋದರೆ ಮಾತಿಗೆ ಮುಂಚೆ ದನದ ಕಿವಿ ಮಡಚಿ, ರಕ್ತ ಹೀರಿ ಮಂಗನ ಕಾಯಿಲೆ ಹರಡುವ ಉಣುಗು ಹುಡುಕುವಳು, ಮಕ್ಕಳ ಮೊಣಕಾಲಿನ ಹಿಂದೆಯೂ ನೋಡುವಳು. ಆಡಿಕೊಳ್ಳುವವರಿಗೆ ಅವಳು ಸೊಪ್ಪು ಹಾಕಿದವಳೇ ಅಲ್ಲ.

ಫೆಬ್ರವರಿಯಲ್ಲಿ, ಗಂಗೊಳ್ಳಿಯಿಂದ ಮೀನು ತರುವ ಬಾಗಿ ನಾಲ್ಕು ದಿನ ಬರಲಿಲ್ಲ. ಸರಸ ಅವಳ ಮನೆಗೆ ಫೋನ್ ಮಾಡಿದರೆ, ಕುಂದಾಪುರದ ಆಸ್ಪತ್ರೆಯಲ್ಲಿದ್ದಾಳೆ, ಇಲಿ ಜ್ವರವೆಂದು ಮದ್ದು ಕೊಟ್ಟರೂ ಇಳಿದಿಲ್ಲ ಎಂದರು. ಸರಸಳಿಗೆ ಬೇರೆಯೇ ಸಂಶಯ ಬಂತು. ಮನೆಮನೆಗೆ ಮೀನು ಮಾರುತ್ತ ಬಾಗಿ ನಡೆಯುವ ಕಾಡಿನ ಒಳದಾರಿಯಲ್ಲೇ ಹೋದ ವಾರ ಮಂಗವೊಂದು ಸತ್ತು ಬಿದ್ದಿತ್ತು; ಅದನ್ನು ಆರೋಗ್ಯ ಇಲಾಖೆಗೆ ತಿಳಿಸಿದವಳೇ ಸರಸ. ಸಿಕ್ಕ ಬಸ್ಸು ಹತ್ತಿದಳು.

ಬಾಗಿಯ ಕಣ್ಣು ಕೆಂಡದ ಹಾಗಿತ್ತು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು.

"ಡಾಕ್ಟ್ರೇ, ಇದ್ ಮಂಗನ ಕಾಯ್ಲೆ ಇರ್ಕ್. ರಕ್ತ ಪರೀಕ್ಷೆಗೆ ಕಳ್ಸಿ," ಎಂದಳು ಸರಸ.

"ಇವರು ಕಡಲ ಕರೆಯವರಮ್ಮಾ. ಕಾಡಿಗೆ ಹೋಗಿದ್ರಾ ಅಂತ ಮೂರು ಸಲ ಕೇಳಿದ್ದೇನೆ."

ಬಾಗಿ ನರಳುತ್ತಲೇ ಸಿಡುಕಿದಳು: "ಕಾಡಿಗ್ ಹ್ವಾಪ್ಕೆ ನಂಗೆಂತ ಮರ್ಲಾ? ನಾ ಯಾಪಾರಕ್ ಹ್ವಾಪುದ್."

ಬಾಗಿಯ ಲೆಕ್ಕದಲ್ಲಿ ಸೌದೆಗೆ ಹೋದರೆ ಮಾತ್ರ ಕಾಡಿಗೆ ಹೋದಂತೆ. ಮೀನಿನ ಬುಟ್ಟಿ ಹೊತ್ತು ಅದೇ ಕಾಡು ದಾಟಿದರೆ ವ್ಯಾಪಾರ! ಸರಸಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅದಿರ್ಲಿ ಬಾಗಕ್ಕ, ಮಧ್ಯಾಹ್ನ ಉಂಬುದ್ ಎಲ್ಲಿ?"

"ಮತ್ತೆಲ್ಲಿ? ಒಳದಾರಿ ಮರದ್ ಬುಡದಗೆ. ತರಗೆಲಿ ಮೇಲ್ ಸಿಂಬಿ ಬಿಚ್ಚಿ ಹಾಸ್ಕಂಡ್ ಕೂಕಂತೆ."

ಬುಟ್ಟಿಯಡಿ ತಲೆಗಿಡುವ ಆ ಸಿಂಬಿ ಬಟ್ಟೆ ಮಂಚದ ಕೆಳಗಿನ ಚೀಲದಲ್ಲೇ ಇತ್ತು. ಸರಸ ಮಡಿಕೆ ಬಿಡಿಸಿದಳು. ಎಳ್ಳಿಗಿಂತ ಸಣ್ಣದೊಂದು ಉಣುಗು ತೆವಳಿತು.

ಡಾಕ್ಟರು ರಕ್ತವನ್ನು ಪರೀಕ್ಷೆಗೆ ಕಳಿಸಿ, ಬಾಗಿಯನ್ನು ಅಂದೇ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಎರಡು ದಿನಕ್ಕೆ ವರದಿ ಬಂತು: ಸರಸ ಹೇಳಿದ್ದೇ ನಿಜ. ಹತ್ತನೇ ಕ್ಲಾಸು ಓದಿದ ಹೆಂಗಸು ಹೇಳಿದ್ದು! ಅವತ್ತು ಸರಸ ಕನ್ನಡಿಯೆದುರು ಸ್ವಲ್ಪ ಹೆಚ್ಚೇ ಹೊತ್ತು ನಿಂತಳು.

ತಿಂಗಳೆರಡು ಕಳೆದು ಬಾಗಿ ಮತ್ತೆ ಸಿದ್ದಾಪುರದಲ್ಲಿ ಬಸ್ಸಿಳಿದಳು. ಬುಟ್ಟಿ ಕೆಳಗಿಡುವ ಮೊದಲೇ ಇಡೀ ಪೇಟೆಗೆ ಕೇಳುವಂತೆ ಕೂಗಿದಳು:

"ಹ್ವಾಯ್! ಆ ಡಾಕ್ಟ್ರು ಈಗ ಜ್ವರದರತ್ರೆಲ್ಲ 'ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡ್ತೀರಿ' ಅಂದೇ ಮೊದ್ಲ್ ಕೇಂಬುದ್. ಯಾರ್ ಕಲ್ಸದ್ ಗೊತ್ತಿತಾ? ನಮ್ ಉಣ್ಗ್ ಸರಸಕ್ಕ!"

ರಸ್ತೆಯ ಆಚೆ ಬದಿಯಿಂದ ಸರಸ ಆ ಹೆಸರಿಗೆ ಮೊದಲ ಸಲ "ಓ" ಎಂದಳು.