ಗೋಡೆಗೆ ಸಿಗದ ನೀರು

ಎಂಬತ್ತರ ದಶಕದ ಮೊದಲ ವರ್ಷಗಳು. ಮಾನ್ವಿ ತಾಲೂಕಿನ ಕುರ್ಡಿ ಕಡೆ ಕಾಲುವೆ ಒಂದು ಕಡಿದಾದ ಇಳಿಜಾರಿನಲ್ಲಿ ಧುಮುಕುತ್ತಿತ್ತು. ಅದರ ಗೋಡೆಗಳಿಗೆ ಗಿಲಾವು ಮಾಡಿದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಗೌಂಡಿ. ಆದರೆ ನನ್ನ ಗೋಡೆಯಲ್ಲಿ ಬಿರುಕು ತೋರಿಸಿದವರು ಇನ್ನೂ ಹುಟ್ಟಿಲ್ಲ.

ಇಳಿಜಾರಿನ ಅರ್ಧದವರೆಗೆ ನೀರು ಗಾಜಿನಂತಿರುತ್ತಿತ್ತು. ಅಲ್ಲಿಂದ ಮುಂದೆ ಗಾಳಿ ಹೊಕ್ಕು, ಹಾಲಿನಂತೆ ಬೆಳ್ಳಗೆ ಉಬ್ಬುತ್ತಿತ್ತು. ಉಬ್ಬಿದ ನೀರು ನಿಧಾನವಾಗಿರುತ್ತದೆ ಎಂದುಕೊಂಡಿದ್ದೆ. ಒಂದು ದಿನ ಹಾಗೆಂದಾಗ ಕಾಲುವೆ ಕೆಲಸದ ಮೇಲ್ವಿಚಾರಕರು ನಕ್ಕರು.

“ನಿಧಾನ ಎಲ್ಲಿ ಬಂತೋ? ನೀರಿಗೂ ಗೋಡಿಗೂ ನಡುವ ಗಾಳಿ ಹೊಕ್ಕದ. ಗೋಡಿ ತಿಕ್ಕಿ ತಡಿಯೋ ತಾಕತ್ತು ಕಡಿಮಿ ಆಗ್ತದ. ಇನ್ನೂ ಜೋರ್ ಓಡ್ತದ.”

ಈ ಮಾತು ತಲೆಗಿಂತ ಮೊದಲು ಕೈಗೆ ತಿಳಿಯಿತು. ಒಳಗೆ ಗಾಳಿ ಸಿಕ್ಕ ಗಿಲಾವು ಗೋಡೆ ಹಿಡಿಯುವುದಿಲ್ಲ, ಜಾರುತ್ತದೆ. ಅಂದಿನಿಂದ ಆ ಬಿಳುಪು ಕಂಡಲ್ಲಿ ಅಂಚಿನಿಂದ ಒಂದು ಮಾರು ದೂರವೇ ನಡೆಯುತ್ತಿದ್ದೆ.

ಒಂದು ಮಧ್ಯಾಹ್ನ, ದೇವದುರ್ಗದ ಹೊಳೆದಂಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಹಿರಿಯನೊಬ್ಬ ಬಿಳಿ ನೀರಿನ ಪಕ್ಕದ ಗೋಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟಿದ್ದ. ಅವನ ಟಗರು ದೂರದ ಸೇತುವೆ ದಾಟಿ ಆಚೆ ದಂಡೆಗೆ ಹೋಗಿ ನಿಂತಿತ್ತು.

“ಯಪ್ಪಾ, ಏನ್ ಮಾಡಾಕತ್ತೀರಿ?” ಎಂದು ಓಡಿದೆ.

“ದಾಟಾಕತ್ತೀನಲೇ. ಬಿಳಿ ನೀರ್ ಇದ್ದಲ್ಲಿ ತಳದಾಗ ಕಲ್ಲು ಇರ್ತಾವ, ಮಣಕಾಲ ಮಟ ನೀರು. ಹುಟ್ಟಿದಾಗಿಂದ ಹೊಳಿ ನೋಡೀನಿ.”

“ಇದು ಹೊಳಿ ಅಲ್ರೀ! ತಳದಾಗ ಬರೇ ಸಿಮೆಂಟ್ ಅದ. ಬಿಳೇದು ಗಾಳಿ!”

“ಗಾಳಿಗೆ ಅಂಜೋ ಗೌಂಡಿನ ಇವತ್ತ ನೋಡಿದೆ ನೋಡು.”

ಆಳ ನೋಡಲು ಕೋಲು ಇಳಿಸಿದ. ನೀರು ಕೋಲನ್ನು ಕಿತ್ತುಕೊಂಡಿತು. ಬಾಗಿದ್ದ ಅವನೂ ಅದರ ಹಿಂದೆಯೇ ಜಾರಿ ಸೊಂಟದವರೆಗೆ ನೀರಿಗೆ ಹೋದ. ಮೈಗೆ ಬಿಗಿದು ಕಟ್ಟಿದ್ದ ಅವನ ಕಂಬಳಿ ನನ್ನ ಕೈಗೆ ಸಿಕ್ಕಿತು. ಗೋಡೆಯ ಮೇಲೆ ಬೋರಲು ಬಿದ್ದು ಹಿಡಿದೆ. ನಾನೇ ನುಣ್ಣಗೆ ತಿಕ್ಕಿದ ಗೋಡೆ. ಅವನ ಕಾಲಿಗೆ ಎಲ್ಲಿಯೂ ಆಸರೆ ಸಿಗಲಿಲ್ಲ. ಅವನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನನ್ನ ಎದೆಯೂ ಅಂಚಿನತ್ತ ಜಾರತೊಡಗಿತು. ಇಬ್ಬರೂ ಹೋದೆವು ಅನ್ನುವಷ್ಟರಲ್ಲಿ ಮೇಲ್ವಿಚಾರಕರು ಓಡಿ ಬಂದು ಹಿಂದಿನಿಂದ ನನ್ನ ಕಾಲು ಹಿಡಿದು ಎಳೆದರು.

ನನ್ನ ಹಿಂದೆ ಅವನೂ ದಂಡೆಗೆ ಬಂದು ಬಿದ್ದ. ಹಿರಿಯ ನೀರಿನತ್ತ ನೋಡಿ, “ಹೊಳಿ ಎಂದೂ ನನಗ ಹಿಂಗ ಸುಳ್ಳ ಹೇಳಿಲ್ಲ” ಎಂದ. ಆಮೇಲೆ ನನ್ನತ್ತ ತಿರುಗಿ, “ಬಿಡಲೇ ಇನ್ನ, ಕಂಬಳಿ ನಂದು.”

ಬಿಡಲು ನೋಡಿದೆ. ಬೆರಳು ಬಿಚ್ಚಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ.