ಕಬ್ಬಿಣ ಕಕ್ಕಿದ ಕರಿಚಕ್ಕೆ

ಭದ್ರಾವತಿಯ ನ್ಯೂ ಟೌನಿನಾಚೆ ಒಂದು ಸಣ್ಣ ಖಾಸಗಿ ಫೌಂಡ್ರಿ ಇತ್ತು. ಹೊಳೆಹೊನ್ನೂರಿನ ಹಾಲಮ್ಮ ಗಂಡ ಸತ್ತ ಮೇಲೆ ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ತಮ್ಮ ಧರ್ಮಪ್ಪನನ್ನೂ ಅಲ್ಲಿಗೇ ಸೇರಿಸಿದಳು. ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಅವಳು ಗುಡಿಸುತ್ತಿದ್ದುದು ಹೆಚ್ಚಾಗಿ ಚಕ್ಕೆಯನ್ನು. ಕಾದು ನೀರಾದ ಕಬ್ಬಿಣ ಕುಲುಮೆಯ ಕೋಕ್ ಕಲ್ಲಿದ್ದಲಿನ ಕರಿಯನ್ನು, ಬಿಸಿ ಹಾಲು ಸಕ್ಕರೆಯನ್ನು ಕರಗಿಸಿಕೊಂಡಂತೆ, ಒಳಗೆ ಕರಗಿಸಿಕೊಳ್ಳುತ್ತದೆ. ಆರುತ್ತ ಬಂದಂತೆ ಹಿಡಿದಿಟ್ಟುಕೊಳ್ಳಲಾರದೆ ಕಕ್ಕುತ್ತದೆ. ಕರಿಯ ಒಂದು ಕಣ ಕೂತಲ್ಲಿಗೆ ಇನ್ನೊಂದು ಬಂದು ಅಂಚಿಗೆ ಅಂಟುತ್ತದೆ, ಅದರ ಅಂಚಿಗೆ ಮತ್ತೊಂದು. ಹಬ್ಬಿ ಹಬ್ಬಿ ಮೀನಿನ ಹುರುಪೆಯಂಥ ಹೊಳೆಯುವ ಕರಿಚಕ್ಕೆಯಾಗುತ್ತದೆ. ಉಗುರಿನಿಂದ ಕೆದಕಿದರೆ ಪದರ ಪದರವಾಗಿ ಬಿಡುತ್ತದೆ. ಮೇಲೆ ತೇಲಿದ್ದು ಹಾರಿ ನೆಲಕ್ಕೆ ಬೀಳುತ್ತದೆ. ಒಳಗೇ ಸಿಕ್ಕಿಕೊಂಡದ್ದು ಎರಕವನ್ನು ಹಪ್ಪಳದಂತೆ ಪಟ್ಟನೆ ಮುರಿಯುವ ಹಾಗೆ ಮಾಡಿಬಿಡುತ್ತದೆ.

ತೊಂಬತ್ತೇಳನೇ ಇಸವಿಯ ಒಂದು ಮಂಗಳವಾರ ಚಕ್ಕೆ ಬುಟ್ಟಿಗಟ್ಟಲೆ ಬಿತ್ತು. ಹಾಲಮ್ಮ ಮೇಸ್ತ್ರಿ ನರಸಿಂಹಮೂರ್ತಿಯ ಹತ್ತಿರ ಹೋದಳು.

"ಸ್ವಾಮಿ, ಇವತ್ತಿನ ಕಬ್ಬಿಣದಲ್ಲಿ ಭಾರ ಎತ್ತೋ ರಾಟೆ ಹುಯ್ಯಬೇಡಿ. ಭಾರ ತಡಿಯಲ್ಲ."

"ನಿಂಗೆ ಸಂಬಳ ಕೊಡೋದು ಗುಡಿಸೋಕೆ, ಕಣಿ ಹೇಳೋಕಲ್ಲ ಮಾರಾಯ್ತಿ. ಗುಡಿಸು!"

ಶನಿವಾರ ಧರ್ಮಪ್ಪ ಮಂಗಳವಾರ ಹುಯ್ದ ಆ ರಾಟೆಗಳಲ್ಲೊಂದನ್ನು ತೊಲೆಗೆ ತೂಗುಹಾಕಿದ. ಭಾರ ಎತ್ತುವಾಗ ಅದು ಎರಡು ಹೋಳಾಯಿತು. ಕೆಳಗೆ ನಿಂತಿದ್ದ ಕೆಲಸಗಾರ ಮಂಜಪ್ಪನ ಎದೆ ಜಜ್ಜಿಹೋಗಿ ಅವನು ಅಲ್ಲೇ ಸತ್ತ.

"ಧರ್ಮಪ್ಪನೇ ಸುತ್ತಿಗೇಲಿ ಬಡಿದು ಬಿರುಕು ಬಿಡಿಸಿದ್ದು," ಎಂದ ಮೇಸ್ತ್ರಿ.

ಮಂಜಪ್ಪನ ತಮ್ಮ ಪುಟ್ಟಪ್ಪ ಸರಳು ಎತ್ತಿಕೊಂಡ. ಇಬ್ಬರು ಧರ್ಮಪ್ಪನ ಕೈ ಹಿಂದಕ್ಕೆ ತಿರುಚಿ ಹಿಡಿದರು. ಮೊದಲ ಏಟಿಗೆ ಮೊಣಕಾಲು ಹೋಯಿತು, ಮೂರನೆಯದಕ್ಕೆ ದವಡೆ. ಬಿದ್ದವನ ಮುಖಕ್ಕೆ ಬೂಟುಗಾಲು ಇಳಿಯಿತು. ಹಾಲಮ್ಮ ಅಡ್ಡ ಬಂದಾಗ ಯಾರೋ ಜುಟ್ಟು ಹಿಡಿದು ಗೋಡೆಗೆ ಎಸೆದರು.

ಕೂಗಿದರೆ ಕೇಳುವವರಿಲ್ಲ ಎಂದು ಅವಳಿಗೆ ತಿಳಿಯಿತು. ಎದ್ದು ಸಮ್ಮಟಿಗೆ ಹಿಡಿದಳು. ಸೋಮವಾರ ಹುಯ್ದ ರಾಶಿಯಿಂದ ಒಂದು ರಾಟೆ, ಮಂಗಳವಾರದ ರಾಶಿಯಿಂದ ಒಂದು ಉರುಳಿಸಿ ತಂದು ನಡುವೆ ಕೆಡವಿದಳು. ಆ ಸದ್ದಿಗೆ ಹೊಡೆಯುತ್ತಿದ್ದವರು ತಿರುಗಿದರು. ಸೋಮವಾರದ್ದಕ್ಕೆ ಬಡಿದಳು. ಏಳು ಏಟು ತಿಂದು ಅದು ಒಡೆಯಿತು. ಒಳಗೆ ಬೂದು ಬಣ್ಣ, ಬಿಗಿ. ಮಂಗಳವಾರದ್ದು ಒಂದೇ ಏಟಿಗೆ ಹೋಳಾಯಿತು. ಒಳಗೆಲ್ಲ ಕಪ್ಪು, ಚಕ್ಕೆ ಉದುರಿ ನೆಲದ ಮೇಲೆ ಹೊಳೆಯಿತು.

"ನೋಡ್ರೋ! ನನ್ ತಮ್ಮ ಇದಕ್ಕೂ ಸುತ್ತಿಗೆ ಹಾಕಿದ್ನಾ? ನಿಮ್ಮಣ್ಣನ್ನ ಕೊಂದಿದ್ದರ ಹೊಟ್ಟೇಲೂ ಇದೇ ಇದೆ, ರಕ್ತ ಒರೆಸಿ ನೋಡ್ರೋ!"

ಪುಟ್ಟಪ್ಪ ಅಣ್ಣನ ಪಕ್ಕ ಬಿದ್ದಿದ್ದ ಹೋಳನ್ನು ಅಂಗಿಯಿಂದ ಒರೆಸಿದ. ಬೆರಳಿಗೆ ಕರಿ ಮೆತ್ತಿತು. ಅವನು ನಿಧಾನವಾಗಿ ಮೇಸ್ತ್ರಿಯ ಕಡೆ ತಿರುಗಿದ.

"ಅಕ್ಕ, ಇವನಿಗೆ ಗೊತ್ತಿತ್ತಾ?"

ನರಸಿಂಹಮೂರ್ತಿ ಹಾಲಮ್ಮನಿಗೆ ಕೈ ಮುಗಿದ. ತಾನು ಇಲ್ಲ ಎಂದರೆ ಆ ಸರಳು ಮತ್ತೆ ಯಾರ ಮೇಲೆ ಇಳಿಯುತ್ತದೋ ಅವಳಿಗೆ ಗೊತ್ತಿರಲಿಲ್ಲ.

"ಮಂಗಳವಾರ ಬೆಳಿಗ್ಗೇನೇ ಹೇಳಿದ್ದೆ. ಗುಡಿಸು ಅಂದ."

ಸರಳು ಇಳಿಯಿತು. ಹಾಲಮ್ಮ ನೋಡುತ್ತ ನಿಲ್ಲಲಿಲ್ಲ. ತಮ್ಮನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೊರಗೆ ಬಂದು ಆಟೋಗೆ ಹಾಕಿದಳು. ಜೋತು ಬಿದ್ದ ದವಡೆಯನ್ನು ಸೆರಗಿನಿಂದ ಎತ್ತಿ ಕಟ್ಟಿದಳು.

ಧರ್ಮಪ್ಪ ಕಣ್ಣು ಬಿಟ್ಟು ತೊದಲಿದ. "ಅಕ್ಕ... ಒಳಗೆ ಯಾರು ಕೂಗ್ತಿರೋದು?"

"ಮೇಸ್ತ್ರಿ. ನೀನು ಮಾತಾಡಬೇಡ, ಮೂಗಲ್ಲಿ ಉಸಿರಾಡು."